ಬಿಡಾರವೇ ಪೂಜೆ: ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಜಾತ್ರೆಗಳು ಎತ್ತುವ ಒಂದು ಪ್ರಶ್ನೆ

ದೇವರಿರುವಲ್ಲಿಗೆ ಭಕ್ತರು ಹೋಗಬೇಕು ಎಂಬ ತಿಳಿವಳಿಕೆಯ ಮೇಲೆ ದೇವಾಲಯಗಳ ಧರ್ಮ ನಿಂತಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳ ಜಾತ್ರೆಗಳಲ್ಲಿ, ಅದರಲ್ಲೂ ಮ್ಯಾಸಬೇಡರು ಮತ್ತು ಕಾಡುಗೊಲ್ಲರು ಎಂಬ ಪಶುಪಾಲಕ ಸಮುದಾಯಗಳು ನಡೆಸಿಕೊಂಡು ಬಂದಿರುವ ಪರಿಷೆಗಳಲ್ಲಿ, ಇದಕ್ಕಿಂತ ಬೇರೆಯಾದ ಒಂದು ನಡಾವಳಿ ಕಾಣುತ್ತದೆ. ಅಲ್ಲಿ ದೇವರು ಗುಡಿಯನ್ನು ಬಿಟ್ಟು ಹೊರಡುತ್ತದೆ, ಒಕ್ಕಲಿನವರು ಮನೆಯನ್ನು ಬಿಟ್ಟು ಹೊರಡುತ್ತಾರೆ, ಊರಾಚೆಯ ಬಯಲಿನಲ್ಲಿ ಇಬ್ಬರೂ ಕೂಡುತ್ತಾರೆ. ಹೀಗೆ ಹೆಂಡಿರು ಮಕ್ಕಳು, ಮುದುಕರು, ಎತ್ತುಗಳೊಡನೆ ಬಯಲಿನಲ್ಲಿ ಹೂಡುವ ಕೆಲವು ದಿನಗಳ ವಾಸಕ್ಕೆ ಬಿಡಾರವೆಂದು ಹೆಸರು. ಈ ಬಿಡಾರವು ಪೂಜೆಗೆ ಬೇಕಾದ ಒಂದು ಅನುಕೂಲ ಮಾತ್ರವೇ, ಅಥವಾ ಅದೇ ಪೂಜೆಯ ಒಂದು ಅಂಗವೇ ಎಂಬುದು ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ. ಅದು ಅನುಕೂಲ ಮಾತ್ರವಾಗಿದ್ದರೆ ಬಸ್ಸು, ಬೈಕುಗಳು ಬಂದ ಮೇಲೆ ತಾನಾಗಿ ಅಳಿದುಹೋಗಬೇಕಾಗಿತ್ತು, ಏಕೆಂದರೆ ಇಂದು ಈ ಎರಡೂ ತಾಲ್ಲೂಕುಗಳ ಯಾವ ಹಳ್ಳಿಯವರೇ ಆಗಲಿ ಬೆಳಿಗ್ಗೆ ಹೊರಟು, ಹರಕೆ ತೀರಿಸಿ, ಸಂಜೆಯೊಳಗೆ ಮನೆ ಸೇರಬಲ್ಲರು. ಹಾಗೆ ಮಾಡುವವರೂ ಬಹಳ ಮಂದಿ ಇದ್ದಾರೆ. ಆದರೂ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಅಕ್ಕಿ, ಸೌದೆ, ನೀರಿನ ಡ್ರಮ್ಮು, ಕಂಬಳಿ, ಟಾರ್ಪಾಲುಗಳನ್ನು ಹೇರಿಕೊಂಡು, ಕಮಾನು ಕಟ್ಟಿದ ಎತ್ತಿನ ಗಾಡಿಗಳ ಕಾಲದಲ್ಲಿ ಹೇಗೋ ಹಾಗೆಯೇ ಬಂದು ಉಳಿಯುವ ಕುಟುಂಬಗಳು ಇನ್ನೂ ಇವೆ ಎಂಬ ಸಂಗತಿ, ಉಳಿಯುವುದರಲ್ಲಿಯೇ ಏನೋ ಒಂದು ಅರ್ಥವಿದೆ ಎಂಬುದನ್ನು ಸೂಚಿಸುತ್ತದೆ.

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಮಾರಮ್ಮನ ಜಾತ್ರೆ ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ. ಶ್ರಾವಣ ಕಳೆದ ಮೇಲೆ ಬರುವ ಮಂಗಳವಾರ ದೇವಿಯನ್ನು ಊರೊಳಗಿನ ಗುಡಿಯಿಂದ ಹೊರಡಿಸಿ, ಉರುಮೆ ಮತ್ತು ತಮಟೆಗಳ ಮೇಳದೊಡನೆ ತುಂಬಲು ಎಂದು ಕರೆಯುವ ಹೊರಬಯಲಿಗೆ ಕರೆತರುತ್ತಾರೆ. ಆ ಬಯಲಿನಲ್ಲಿ ಸುತ್ತಲಿನ ತಾಲ್ಲೂಕುಗಳವರು ಮಾತ್ರವಲ್ಲದೆ ಗಡಿಯಾಚೆಯ ಆಂಧ್ರಪ್ರದೇಶದವರೂ ಮೊದಲೇ ಬಂದು ಬಿಡಾರ ಹೂಡಿರುತ್ತಾರೆ. ದೇವಿ ಬಯಲಿಗೆ ಬರುತ್ತಿದ್ದಂತೆ ಭಕ್ತರು ಈರುಳ್ಳಿ, ಬಾಳೆಹಣ್ಣು, ಮಂಡಕ್ಕಿಗಳನ್ನು ಆಕೆಯತ್ತ ತೂರುತ್ತಾರೆ. ಮಳೆಗಾಲದ ಈರುಳ್ಳಿ ಈ ಸೀಮೆಯ ಮುಖ್ಯ ಬೆಳೆಗಳಲ್ಲಿ ಒಂದಾದುದರಿಂದ ಆ ತೂರಾಟವನ್ನು ಬೆಳೆಯ ಮೊದಲ ಪಾಲಿನ ಅರ್ಪಣೆಯೆಂದು ತಿಳಿಯುವುದು ಸಹಜ. ಅದಕ್ಕಿಂತಲೂ ಗಮನಿಸಬೇಕಾದದ್ದು ಅರ್ಪಣೆಯ ಕ್ರಮ: ಅಲ್ಲಿ ಅರ್ಚಕನ ತಟ್ಟೆಯಾಗಲಿ ಗರ್ಭಗುಡಿಯ ಹೊಸ್ತಿಲಾಗಲಿ ನಡುವೆ ಇಲ್ಲ, ಜನಜಂಗುಳಿಯ ಯಾವ ಮೂಲೆಯಲ್ಲಿ ನಿಂತ ಹೆಂಗಸಾದರೂ, ತಂದೆಯ ಹೆಗಲ ಮೇಲೆ ಕೂತ ಮಗುವಾದರೂ, ತನ್ನ ಕೈಯಿಂದಲೇ ದೇವಿಗೆ ಕೊಡಬಹುದು. ಕೆಲವು ವಾರಗಳ ಬಳಿಕ ನಡೆಯುವ ಮರಿಪರಿಷೆಗೆ ಮತ್ತೆ ಜನ ಸೇರುತ್ತಾರೆ.

ಆಗಮಗಳ ಪ್ರಕಾರ ನಡೆಯುವ ದೇವಾಲಯಗಳಲ್ಲಿಯೂ ದೇವರು ಹೊರಗೆ ಬರುವುದುಂಟು. ಗರ್ಭಗುಡಿಯಲ್ಲಿ ಕದಲದೆ ನಿಂತ ಮೂಲಮೂರ್ತಿಗೆ ಪ್ರತಿಯಾಗಿ ಲೋಹದ ಉತ್ಸವಮೂರ್ತಿಯನ್ನು ಪಲ್ಲಕ್ಕಿಯಲ್ಲೋ ರಥದಲ್ಲೋ ಹೊರಡಿಸಿ, ಬೀದಿಗಳಲ್ಲಿ ಮೆರೆಸಿ, ಮತ್ತೆ ಒಳಗೆ ತರುತ್ತಾರೆ. ಮೆರವಣಿಗೆ ಒಂದು ದರ್ಶನ: ದೇವರು ಹಾದುಹೋಗುತ್ತದೆ, ಜನ ನೋಡುತ್ತಾರೆ. ಬಿಡಾರದ ಜಾತ್ರೆಯಲ್ಲಿ ದೇವರು ಹಾದುಹೋಗುವುದಕ್ಕಿಂತ ಹೆಚ್ಚಾಗಿ ಬಂದು ಇಳಿಯುತ್ತದೆ. ಮ್ಯಾಸಬೇಡರಲ್ಲಿ ಅನೇಕ ದೇವರುಗಳು ಪೆಟ್ಟಿಗೆ ದೇವರುಗಳು, ಎಂದರೆ ಕಲ್ಲಿನಲ್ಲಿ ನೆಟ್ಟು ನಿಲ್ಲದೆ ಪೆಟ್ಟಿಗೆಯಲ್ಲಿ ಇರಿಸಿ ಹೊತ್ತೊಯ್ಯಬಹುದಾದ ದೇವರುಗಳು. ಒಂದೊಂದು ದೇವರಿಗೂ ನಡೆದುಕೊಳ್ಳುವ ಕುಲದವರ ಕೂಟವನ್ನು ಗುಡಿಕಟ್ಟು ಎನ್ನುತ್ತಾರೆ. ಹಬ್ಬದ ಕಾಲದಲ್ಲಿ ಗುಡಿಕಟ್ಟಿನವರು ಪೆಟ್ಟಿಗೆಯನ್ನು ಹೊತ್ತು, ದೇವರ ಎತ್ತುಗಳನ್ನು ಮುಂದೆ ಬಿಟ್ಟುಕೊಂಡು, ಹೊಳೆಯ ಪೂಜೆಗೆ ಹೋಗಿ, ದಡದಲ್ಲಿ ಕಂಬಳಿಯನ್ನು ಹಾಸಿ ಅದರ ಮೇಲೆ ದೇವರನ್ನು ಕೂರಿಸುತ್ತಾರೆ. ಕಂಬಳಿಯ ಈ ಆಸನವೇ ಗದ್ದುಗೆ. ಚಳ್ಳಕೆರೆ ಸೀಮೆಯ ಕರಿಕಂಬಳಿ ನಾಡಿನಲ್ಲೆಲ್ಲ ಹೆಸರಾದದ್ದು. ಒಂದೇ ಬಯಲಿನಲ್ಲಿ ಒಂದು ಕಂಬಳಿಯ ಮೇಲೆ ದೇವರು ಕೂತು, ಅಂಥದೇ ಇನ್ನೊಂದರ ಮೇಲೆ ಮಕ್ಕಳು ಮಲಗುವಾಗ, ದೇವರ ಆಸನಕ್ಕೂ ಮನುಷ್ಯರ ಹಾಸಿಗೆಗೂ ಪದಾರ್ಥದ ಭೇದವೇ ಉಳಿಯುವುದಿಲ್ಲ. ಮ್ಯಾಸಬೇಡರ ಸಂಪ್ರದಾಯದಲ್ಲಿ ಈಚಲಿನ ಚಾಪೆ ನಿಷಿದ್ಧ, ಹಾಗೆಯೇ ಕೋಳಿ ಮತ್ತು ಹೆಂಡ ನಿಷಿದ್ಧ. ಮಲಗುವ ಹಾಸಿಗೆಯೂ ಉಣ್ಣುವ ಊಟವೂ ವ್ರತದ ವ್ಯಾಪ್ತಿಗೆ ಒಳಪಟ್ಟಿರುವ ಸಮಾಜದಲ್ಲಿ ಬಿಡಾರದ ಯಾವ ಸಾಮಾನೂ ಬರಿಯ ಸಾಮಾನಲ್ಲ.

ಈ ದೇವರುಗಳಲ್ಲಿ ಹಲವರು ಒಂದು ಕಾಲಕ್ಕೆ ದನಗಾಹಿಗಳಾಗಿದ್ದವರು ಎಂಬುದನ್ನೂ ಇಲ್ಲಿ ನೆನೆಯಬೇಕು. ಮ್ಯಾಸಬೇಡರ ಗಾದ್ರಿಪಾಲನಾಯಕ, ಕಾಡುಗೊಲ್ಲರ ಜುಂಜಪ್ಪ, ಎತ್ತಪ್ಪ ಮೊದಲಾದವರು ದನಕರುಗಳ ಹಿಂದೆ ಕಾಡುಮೇಡು ಅಲೆದು, ಮೇವು ನೀರು ಸಿಕ್ಕಲ್ಲಿ ರೊಪ್ಪ ಹಾಕಿ, ಎಂದರೆ ಮುಳ್ಳಿನ ಬೇಲಿಯ ದೊಡ್ಡಿ ಕಟ್ಟಿಕೊಂಡು, ಬಾಳಿದವರೆಂದು ಅವರ ಕಥನಗಳು ಹೇಳುತ್ತವೆ. ಹೀಗಿರುವಾಗ ಗುಡಿಯನ್ನು ದೇವರ ಸ್ವಂತ ಮನೆಯೆಂದೂ ಬಯಲನ್ನು ತಾತ್ಕಾಲಿಕ ತಂಗುದಾಣವೆಂದೂ ಎಣಿಸುವುದು ತಲೆಕೆಳಗಾದ ಎಣಿಕೆಯಾಗುತ್ತದೆ. ಇವರಿಗೆ ಬಯಲೇ ಮೊದಲ ಮನೆ, ಗುಡಿಯು ಆಮೇಲೆ ಒಕ್ಕಲುತನಕ್ಕೆ ನಿಂತ ಜನ ತಮ್ಮ ಜೊತೆಗೆ ದೇವರನ್ನೂ ನಿಲ್ಲಿಸಿಕೊಂಡ ಜಾಗ. ಬಿಡಾರ ಹೂಡುವ ಕುಟುಂಬವು ವರ್ಷಕ್ಕೊಮ್ಮೆ ದೇವರು ಬಾಳಿದ ರೀತಿಯಲ್ಲಿ ಬಾಳುತ್ತದೆ ಎಂದರೆ ತಪ್ಪಾಗದು. ಶರಣರು ಸ್ಥಾವರವೆಂದೂ ಜಂಗಮವೆಂದೂ, ನಿಂತದ್ದೆಂದೂ ಚಲಿಸುವುದೆಂದೂ, ಮಾಡಿದ ವಿಂಗಡಣೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ತತ್ವದ ರೂಪ ತಾಳಿತು. ಈ ಸೀಮೆಯ ಪಶುಪಾಲಕರಲ್ಲಿ ಅದೇ ತಿಳಿವು ಬಾಳಿನ ರೂಪದಲ್ಲಿ ಉಳಿದು ಬಂದಿದೆ. ಫಾಲ್ಗುಣದಲ್ಲಿ ದೊಡ್ಡ ರಥ ಎಳೆಯುವ ನಾಯಕನಹಟ್ಟಿಯ ಗುರು ತಿಪ್ಪೇರುದ್ರಸ್ವಾಮಿಯ ಸಂಪ್ರದಾಯದಲ್ಲಿ ಈ ಎರಡು ಧಾರೆಗಳೂ ಕೂಡಿವೆ. ಊರೂರು ಸುತ್ತಿ, ಕೆರೆಗಳನ್ನು ಕಟ್ಟಿಸಿ, ದುಡಿದಷ್ಟಕ್ಕೆ ತಕ್ಕ ಪ್ರತಿಫಲವೆಂಬ ನ್ಯಾಯವನ್ನು ಸಾರಿದನೆಂದು ಜನ ನಂಬುವ ಆ ಗುರುವಿನ ರಥೋತ್ಸವಕ್ಕೂ ಬೇರೆ ಬೇರೆ ಜಾತಿಗಳ ಜನ ಬಂದು ಸೇರುತ್ತಾರೆ, ಕೊಬ್ಬರಿ ಸುಟ್ಟು ಹರಕೆ ತೀರಿಸುತ್ತಾರೆ.

ಬಿಡಾರದ ವ್ಯಾವಹಾರಿಕ ತಿಳಿವಳಿಕೆಯನ್ನು ಈ ಹಿನ್ನೆಲೆಯಲ್ಲಿ ಓದಿದರೆ ಅದರ ಬೆಲೆ ಬೇರೆಯಾಗಿ ಕಾಣುತ್ತದೆ. ವರ್ಷಕ್ಕೆ ಸರಾಸರಿ ಸುಮಾರು 500 ಮಿಲಿಮೀಟರ್ ಮಾತ್ರ ಮಳೆ ಬೀಳುವ ಈ ಸೀಮೆಯಲ್ಲಿ ಮಳೆ ಬಂದರೆ ಬರುವುದು ಮಾರಮ್ಮನ ಜಾತ್ರೆಯ ಆಸುಪಾಸಿನ ತಿಂಗಳುಗಳಲ್ಲಿಯೇ. ಆದುದರಿಂದ ಅನುಭವಸ್ಥರು ಎರೆಭೂಮಿಯನ್ನೂ ಹಳ್ಳದ ಪಾತ್ರವನ್ನೂ ಬಿಟ್ಟು, ನೀರು ನಿಲ್ಲದ ಗರಸು ದಿಣ್ಣೆಯನ್ನು ಹುಡುಕುತ್ತಾರೆ, ಟಾರ್ಪಾಲಿನ ಸುತ್ತ ಗೇಣುದ್ದದ ಕಾಲುವೆ ತೋಡಿ ಅದರ ಬಾಯನ್ನು ಇಳಿಜಾರಿಗೆ ಬಿಡುತ್ತಾರೆ. ಮೂರು ಕಲ್ಲಿನ ಒಲೆಯನ್ನು ಗಾಳಿ ಬೀಸಿ ಹೋಗುವ ಕಡೆಗೆ, ಮಲಗುವ ಜಾಗದಿಂದಲೂ ಎತ್ತುಗಳ ಮೇವಿನಿಂದಲೂ ದೂರವಾಗಿ ಹೂಡಬೇಕು, ಏಕೆಂದರೆ ಸಾಲಾಗಿ ನಿಂತ ಬಿಡಾರಗಳಲ್ಲಿ ಒಂದರ ಕಿಡಿ ಇನ್ನೊಂದರ ಹುಲ್ಲಿಗೆ ಬೀಳಲು ಹೆಚ್ಚು ಹೊತ್ತು ಬೇಕಿಲ್ಲ. ಮೊದಲ ದಿನಕ್ಕೆ ಬೇಯಿಸುವ ಗೋಜಿಲ್ಲದ ಬುತ್ತಿ ಕೈಯಲ್ಲಿರಬೇಕು: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹುರಿಗಡಲೆ, ಮಂಡಕ್ಕಿ. ಕುಡಿಯುವ ನೀರನ್ನು ಬಳಸುವ ನೀರಿನಿಂದ ಬೇರೆಯಿರಿಸಿ, ಮುಚ್ಚಳವಿರುವ ಪಾತ್ರೆಯಲ್ಲಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿ ಇಡಬೇಕು. ಮಕ್ಕಳಿಗೆ ಬಂದ ಕೂಡಲೇ ದೂರದಿಂದ ಕಾಣುವ ಒಂದು ಗುರುತನ್ನು, ಮರವನ್ನೋ ಗಾಡಿಗೆ ಕಟ್ಟಿದ ಬಣ್ಣದ ಬಟ್ಟೆಯನ್ನೋ ತೋರಿಸಿ, ದಾರಿ ತಪ್ಪಿದರೆ ಅಲ್ಲಿಗೆ ಬಂದು ನಿಲ್ಲುವಂತೆ ಹೇಳಬೇಕು. ತೋಳಿನ ಮೇಲೆ ಮನೆಯವರ ಫೋನ್ ಸಂಖ್ಯೆಯನ್ನು ಬರೆಯುವುದು ಇಂದಿನ ಕಾಲದ ಒಳ್ಳೆಯ ಸೇರ್ಪಡೆ. ಉರುಮೆಯ ಹತ್ತಿರ ಹಸುಗೂಸುಗಳನ್ನು ಒಯ್ಯದೆ, ಮುದುಕರಿಗೂ ಬಾಣಂತಿಯರಿಗೂ ಮೇಳದಿಂದ ಸ್ವಲ್ಪ ದೂರದ ಬಿಡಾರವನ್ನು ಬಿಟ್ಟುಕೊಡಬೇಕು. ಈ ಮಾತುಗಳಲ್ಲಿ ಒಂದಾದರೂ ಮಂತ್ರವಲ್ಲ, ಆದರೂ ಒಂದೊಂದರಲ್ಲಿಯೂ ಪಕ್ಕದವರ ಕ್ಷೇಮದ ಎಣಿಕೆ ಸೇರಿದೆ. ಗೋಡೆಯಿರುವ ಮನೆಯಲ್ಲಿ ನೆರೆಯವನನ್ನು ಮರೆತು ಬಾಳಬಹುದು. ಬಟ್ಟೆಯ ಗೋಡೆಯ ಆಚೆ ಮಲಗಿದವನ ಕೆಮ್ಮು ಕೇಳುತ್ತಿರುವಾಗ ಅವನನ್ನು ಮರೆಯುವುದು ಆಗದ ಮಾತು. ಧರ್ಮಶಾಸ್ತ್ರಗಳು ಸಾಧಾರಣಧರ್ಮ ಎಂದು ಕರೆದದ್ದು, ಎಂದರೆ ಜಾತಿ ಆಶ್ರಮಗಳ ಭೇದವಿಲ್ಲದೆ ಎಲ್ಲ ಮನುಷ್ಯರಿಗೂ ಸಲ್ಲುವ ನಡತೆ, ಇಲ್ಲಿ ಒಲೆಯ ದಿಕ್ಕಾಗಿಯೂ ನೀರಿನ ಪಾತ್ರೆಯ ಮುಚ್ಚಳವಾಗಿಯೂ ಕಾಣಿಸಿಕೊಳ್ಳುತ್ತದೆ.

ಇನ್ನು ಸಂಗೀತದ ವಿಚಾರ. ಉರುಮೆ ಎರಡು ಮುಖಗಳುಳ್ಳ ಚರ್ಮವಾದ್ಯ. ಅದರ ಒಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜಿದಾಗ ಏಳುವ ಗುಡುಗಿನಂಥ ಮೊರೆತವೇ ಅದರ ಗುಣ. ಗಣೆ ಕಾಡುಗೊಲ್ಲರ ಉದ್ದನೆಯ ಬಿದಿರಿನ ಕೊಳಲು. ಜುಂಜಪ್ಪನ ಕಥನವನ್ನು ಹಾಡುವಾಗ ಅದನ್ನು ಊದುತ್ತಾರೆ. ಇಂಥ ಕಥನಗಳು ಒಂದು ಗಳಿಗೆಯಲ್ಲಿ ಮುಗಿಯುವಂಥವಲ್ಲ, ರಾತ್ರಿಯಿಡೀ ಹಾಡುವಂಥವು. ರಾತ್ರಿಯಿಡೀ ಹಾಡಬೇಕಾದರೆ ರಾತ್ರಿಯಿಡೀ ಕೇಳುವವರು ಬೇಕು, ಕೇಳುವವರು ಬೇಕಾದರೆ ಅವರು ಅಲ್ಲಿಯೇ ಉಳಿಯಬೇಕು. ಹೀಗೆ ಬಿಡಾರಕ್ಕೂ ಕಾವ್ಯಕ್ಕೂ ಬಿಡಿಸಲಾಗದ ನಂಟಿದೆ. ಲಿಖಿತ ಶಾಸ್ತ್ರವಿರುವ ಮತದಲ್ಲಿ ದೇವರ ಚರಿತ್ರೆ ಗ್ರಂಥದಲ್ಲಿ ಸುರಕ್ಷಿತವಾಗಿರುತ್ತದೆ, ಯಾರೂ ಓದದಿದ್ದರೂ ಅದು ಅಲ್ಲಿರುತ್ತದೆ. ಬಾಯಿಂದ ಬಾಯಿಗೆ ಬಂದ ದೇವರ ಚರಿತ್ರೆ ಹಾಡುವ ಹೊತ್ತಿನಲ್ಲಿ ಮಾತ್ರ ಇರುತ್ತದೆ. ಆದುದರಿಂದ ಹಾಡು ದೇವರ ಸನ್ನಿಧಿಗೆ ಒಪ್ಪಿಸುವ ಸೇವೆ ಎನ್ನುವುದಕ್ಕಿಂತ, ಸನ್ನಿಧಿಯನ್ನು ಉಂಟುಮಾಡುವ ಕ್ರಿಯೆ ಎನ್ನುವುದು ಹೆಚ್ಚು ಸರಿ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ಕಂಠದಲ್ಲಿ ಇರಿಸಿಕೊಂಡಿದ್ದ ಕಾಡುಗೊಲ್ಲ ಹಾಡುಗಾರ್ತಿ. ವಿದ್ವಾಂಸ ಕೃಷ್ಣಮೂರ್ತಿ ಹನೂರು ಮುಂತಾದವರು ಆಕೆಯ ಹಾಡುಗಳನ್ನು ಸಂಗ್ರಹಿಸಿ ಪ್ರಕಟಿಸಿದುದರಿಂದ ಅವು ಅಕ್ಷರಕ್ಕೆ ಬಂದವು. ಶಾಲೆಯ ಹಂಗಿಲ್ಲದೆ ಅಷ್ಟು ದೊಡ್ಡ ಕಾವ್ಯರಾಶಿ ಒಬ್ಬ ಹೆಣ್ಣುಮಗಳ ನೆನಪಿನಲ್ಲಿ ನಿಂತದ್ದು, ಹಟ್ಟಿಯ ಹಬ್ಬಗಳಲ್ಲಿ, ಪರಿಷೆಗಳಲ್ಲಿ ಹಿರಿಯರ ಮಗ್ಗುಲಲ್ಲಿ ಕೂತು ಕೇಳುವ ಮಕ್ಕಳ ಪರಂಪರೆ ಇದ್ದುದರಿಂದಲೇ. ಅರೆನಿದ್ದೆಯಲ್ಲಿ ಕೇಳಿದ ಹಾಡೂ ಮಗುವಿನಲ್ಲಿ ಉಳಿಯುತ್ತದೆ ಎಂಬ ಕಾರಣಕ್ಕಾಗಿ ಮಕ್ಕಳನ್ನು ಬಿಡಾರಕ್ಕೆ ಕರೆದೊಯ್ಯುವುದು ಈ ಧರ್ಮದ ಮುಂದುವರಿಕೆಗೆ ಅನಿವಾರ್ಯ. ಇಂದು ಧ್ವನಿವರ್ಧಕದ ಸಿನಿಮಾ ಹಾಡು ಗಣೆಯ ದನಿಯನ್ನು ಮುಚ್ಚಿಹಾಕುವಲ್ಲಿ ನಷ್ಟವಾಗುವುದು ಅಭಿರುಚಿ ಮಾತ್ರವಲ್ಲ, ದೇವರು ಇರುವುದಕ್ಕೆ ಇದ್ದ ಒಂದು ದಾರಿಯೂ ಹೌದು.

1970ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯ ಬಳಿ ತೊಡಗಿದ ಸಂಗೀತೋತ್ಸವದಂಥ ಕೂಟಗಳಲ್ಲಿಯೂ ಕುಟುಂಬಗಳು ಹೊಲಗಳಲ್ಲಿ ಡೇರೆ ಹಾಕಿ ಉಳಿಯುತ್ತವೆ, ಮಳೆ ಕೆಸರುಗಳನ್ನು ಸಹಿಸುತ್ತವೆ, ಅಪರಿಚಿತರೊಡನೆ ಒಲೆ ಹಂಚಿಕೊಳ್ಳುತ್ತವೆ. ಆ ಹಂಬಲವನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಅಲ್ಲಿ ವೇದಿಕೆಯೂ ಟಿಕೆಟ್ಟೂ ಹಾಡುವವರನ್ನು ಕೇಳುವವರಿಂದ ಬೇರ್ಪಡಿಸುತ್ತವೆ. ಬಿಡಾರದ ಧಾರ್ಮಿಕ ಅರ್ಥಕ್ಕೆ ಇನ್ನೂ ಹತ್ತಿರವಾದದ್ದು ಯಹೂದಿಗಳ ಸುಕ್ಕೋತ್ ಹಬ್ಬ. ಈಜಿಪ್ಟಿನಿಂದ ಹೊರಟ ಪೂರ್ವಜರು ಮರುಭೂಮಿಯಲ್ಲಿ ಗುಡಿಸಲುಗಳಲ್ಲಿ ಬಾಳಿದ ನೆನಪಿಗಾಗಿ ಕುಟುಂಬಗಳು ಏಳು ದಿನ ಸೊಪ್ಪುಸದೆಯ ಚಾವಣಿಯ ಗುಡಿಸಲಿನಲ್ಲಿ ಉಣ್ಣುತ್ತವೆ, ಸಾಧ್ಯವಾದರೆ ಮಲಗುತ್ತವೆ. ಆ ಚಾವಣಿಯ ಸಂದಿಯಿಂದ ನಕ್ಷತ್ರಗಳು ಕಾಣುವಂತಿರಬೇಕು ಎಂಬುದು ಅವರ ಸಂಪ್ರದಾಯ. ಚಳ್ಳಕೆರೆ ತಾಲ್ಲೂಕಿನ ಪುರ್ಲೆಹಳ್ಳಿಯ ಬಳಿ ನಡೆಯುವ ಕ್ಯಾತಪ್ಪನ ಪರಿಷೆಯಲ್ಲಿ ಇದೇ ವಿಚಾರ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಕಾಡುಗೊಲ್ಲರು ಬಾರೆ ಗಿಡದ ಮುಳ್ಳುಗಳನ್ನು ಒಟ್ಟಿ ಎತ್ತರದ ಗುಡಿಯೊಂದನ್ನು ಕಟ್ಟಿ, ಅದರ ತುದಿಯಲ್ಲಿ ಕಳಶವನ್ನು ಇಡುತ್ತಾರೆ. ಯುವಕರು ಬರಿಗಾಲಿನಲ್ಲಿ ಮುಳ್ಳಿನ ಮೇಲೆ ಹತ್ತಿ ಆ ಕಳಶವನ್ನು ಕೀಳುತ್ತಾರೆ. ಸುಕ್ಕೋತಿನಲ್ಲಿ ಮನುಷ್ಯರು ಮಾತ್ರ ಗುಡಿಸಲಿಗೆ ಬರುತ್ತಾರೆ. ಇಲ್ಲಿ ದೇವರ ಗುಡಿಯೇ ದನದ ರೊಪ್ಪದ ಮುಳ್ಳಿನಿಂದ ಕಟ್ಟಿದ, ಪರಿಷೆಯಷ್ಟೇ ಆಯುಸ್ಸುಳ್ಳ ಬಿಡಾರವಾಗುತ್ತದೆ. ಶಾಶ್ವತವಾದದ್ದೇ ಪವಿತ್ರ ಎಂಬ ಸಾಮಾನ್ಯ ಗ್ರಹಿಕೆಗೆ ಇದಕ್ಕಿಂತ ಬಲವಾದ ಉತ್ತರ ದೊರೆಯುವುದು ಕಷ್ಟ.

ದೇವರೂ ಜನರೂ ಬೆರೆಯುವ ವಿಚಾರ ಈ ನೆಲದಲ್ಲಿ ಬಹಳ ಹಿಂದೆಯೇ ಬರವಣಿಗೆಗೂ ಬಂದಿದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಕಿರುಶಾಸನಗಳು ಇಸಿಲ ಎಂಬ ಊರಿನ ಅಧಿಕಾರಿಗಳನ್ನು ಉದ್ದೇಶಿಸಿದವು. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿಯ ಆ ಶಾಸನದಲ್ಲಿ, ಜಂಬೂದ್ವೀಪದಲ್ಲಿ ಹಿಂದೆ ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆ ಎಂಬ ಅರ್ಥದ ಮಾತಿದೆ, ಸ್ವರ್ಗವು ದೊಡ್ಡವರಿಗಷ್ಟೇ ಅಲ್ಲದೆ ಸಣ್ಣವರಿಗೂ ಪ್ರಯತ್ನದಿಂದ ಸಾಧ್ಯ ಎಂಬ ಆಶ್ವಾಸನೆಯೂ ಇದೆ. ಕೊನೆಗೆ ಬರುವ 256 ಎಂಬ ಅಂಕಿಯನ್ನು ಮೊದಲಿನ ವಿದ್ವಾಂಸರಲ್ಲಿ ಕೆಲವರು ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳೆಂದು ತಿಳಿದಿದ್ದರು. ಅರಸನು ಮನೆಬಿಟ್ಟು ಪ್ರವಾಸದಲ್ಲಿ ಕಳೆದ ರಾತ್ರಿಗಳ ಎಣಿಕೆ ಅದು ಎಂಬ ವಿವರಣೆ ಆಮೇಲೆ ಹೆಚ್ಚು ಮನ್ನಣೆ ಪಡೆಯಿತು. ಈ ವಿವರಣೆಯನ್ನು ಒಪ್ಪಿದರೆ, ದೇವತೆಗಳು ಜನರೊಡನೆ ಬೆರೆತ ಸುದ್ದಿಯನ್ನು ಸಾರುವ ಲೇಖವು ಬಿಡಾರದಲ್ಲಿದ್ದ ಅರಸನೊಬ್ಬನಿಂದ ಹೊರಟದ್ದು ಎಂದಾಗುತ್ತದೆ. ಅಶೋಕನ ಬೌದ್ಧ ಶ್ರದ್ಧೆಗೂ ಇಂದಿನ ಪರಿಷೆಗಳಿಗೂ ನೇರವಾದ ಕೊಂಡಿಯನ್ನು ಕಲ್ಪಿಸುವುದು ಇತಿಹಾಸಕ್ಕೆ ಸಲ್ಲದ ಮಾತು. ಪ್ರಾಣಿಗಳ ಬಗ್ಗೆ ದಯೆಯಿರಲಿ ಎಂದು ವಿಧಿಸುವ ಆ ಶಾಸನಗಳ ಸೀಮೆಯಲ್ಲಿಯೇ ಜಾತ್ರೆಯ ಬಲಿಯನ್ನು ತಡೆಯಲು 1959ರ ಪ್ರಾಣಿಬಲಿ ನಿಷೇಧ ಕಾಯ್ದೆ ಬೇಕಾಗಿದೆ ಎಂಬುದನ್ನೂ ಮರೆಯುವಂತಿಲ್ಲ. ಆದರೂ ಮನೆಯಿಂದ ಹೊರಬಂದವರಿಗೇ ದೇವರ ಬೆರಕೆ ಗೋಚರವಾಗುತ್ತದೆ ಎಂಬ ವಿಚಾರ ಇಷ್ಟು ಹತ್ತಿರದ ಬೆಟ್ಟಗಳಲ್ಲಿ ಕಲ್ಲಿನ ಮೇಲೆ ಇರುವುದು ಚಿಂತನೆಗೆ ಯೋಗ್ಯವಾದ ಸಂಗತಿ.

ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರ್ 1969ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆಚರಣೆಯ ಕಾಲದಲ್ಲಿ ಜನ ತಮ್ಮ ದಿನನಿತ್ಯದ ಸ್ಥಾನಮಾನಗಳನ್ನು ಕಳಚಿ ಸಮಾನರಾಗಿ ಕೂಡುವ ಸ್ಥಿತಿಯನ್ನು ಕಮ್ಯೂನಿಟಾಸ್ ಎಂದು ಕರೆದನು. ಬಿಡಾರದ ಬಯಲಿಗೆ ಆ ಮಾತು ಅರ್ಧ ಮಾತ್ರ ಹೊಂದುತ್ತದೆ. ಅಲ್ಲಿ ಶ್ರೀಮಂತನೂ ನೆಲದ ಮೇಲೆಯೇ ಮಲಗುತ್ತಾನೆ ಎಂಬುದು ನಿಜ; ಕುಲ, ಗುಡಿಕಟ್ಟು, ಊರುಗಳ ಲೆಕ್ಕದಲ್ಲಿಯೇ ಬಿಡಾರಗಳು ಒತ್ತಾಗಿ ಕೂಡುತ್ತವೆ ಎಂಬುದೂ ಅಷ್ಟೇ ನಿಜ. ಅದಕ್ಕಿಂತ ಕಠಿಣವಾದ ಆಕ್ಷೇಪ ಹೆಂಗಸರ ಕಡೆಯಿಂದ ಬರುತ್ತದೆ. ಕಾಡುಗೊಲ್ಲರ ಅನೇಕ ಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರೂ ಹೆತ್ತ ಬಾಣಂತಿಯರೂ ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಬೇಕಾದ ಪದ್ಧತಿ ಉಳಿದು ಬಂದಿದೆ. ಅಂಥವರ ಆಸರೆಗೆಂದು ಸರ್ಕಾರ ಕೆಲವು ಹಟ್ಟಿಗಳ ಬಳಿ ಕೃಷ್ಣ ಕುಟೀರಗಳನ್ನು ಕಟ್ಟಿಸಿದೆ. ಹೊರಗಿರುವುದು ದೇವರೊಡನೆ ಇರುವುದೆಂದು ಪರಿಷೆಯಲ್ಲಿ ಕೊಂಡಾಡುವ ಸಮಾಜವೇ, ಹೆಂಗಸನ್ನು ದೇವರಿಂದ ದೂರವಿಡುವುದಕ್ಕಾಗಿ ಹೊರಗಿರಿಸುತ್ತದೆ. ಎರಡೂ ಹೊರವಾಸಗಳಲ್ಲಿ ಮಳೆಗಾಳಿಗಳು ಒಂದೇ, ಗುಡಿಸಲಿನ ಕಡ್ಡಿಗಳೂ ಒಂದೇ. ಒಂದರಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಹೊರಡುತ್ತಾರೆ, ಇನ್ನೊಂದರಲ್ಲಿ ಒಬ್ಬಳು ಮಾತ್ರ, ತಾನು ಆರಿಸಿಕೊಳ್ಳದೆ, ಹೊರಡುತ್ತಾಳೆ. ಬಿಡಾರದ ಪಾವಿತ್ರ್ಯ ಹೊರಗಿನ ಜಾಗದಲ್ಲಿಲ್ಲ, ಜೊತೆಗಿರುವುದರಲ್ಲಿದೆ ಎಂಬುದಕ್ಕೆ ಈ ಹೋಲಿಕೆಯೇ ಸಾಕ್ಷಿ, ಮತ್ತು ಪರಿಷೆಯ ತತ್ವವನ್ನು ನಿಜವಾಗಿ ನಂಬುವವರಿಗೆ ಹಟ್ಟಿಯಾಚೆಯ ಒಂಟಿ ಗುಡಿಸಲನ್ನು ಸಮರ್ಥಿಸುವ ದಾರಿ ಉಳಿಯುವುದಿಲ್ಲ.

ಜೊತೆಗಿರುವುದಕ್ಕೆ ನೆಲ ಬೇಕು. ಚಳ್ಳಕೆರೆಯ ಖುದಾಪುರ, ದೊಡ್ಡ ಉಳ್ಳಾರ್ತಿ ಕಡೆಯ ಅಮೃತಮಹಲ್ ಕಾವಲುಗಳು, ಎಂದರೆ ಆ ಹೆಸರಿನ ತಳಿಯ ದನಗಳಿಗಾಗಿ ಅರಸರ ಕಾಲದಿಂದ ಕಾದಿರಿಸಿದ ಹುಲ್ಲುಗಾವಲುಗಳು, ಸುತ್ತಲಿನ ಹಳ್ಳಿಗಳ ಕುರಿದನಗಳಿಗೂ ಆಸರೆಯಾಗಿದ್ದವು. ಈ ಶತಮಾನದ ಮೊದಲ ದಶಕದ ಕೊನೆಯಿಂದ ಅವುಗಳಲ್ಲಿ ಸಾವಿರಾರು ಎಕರೆ ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೂ, ಸುಮಾರು 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೂ ಹೋದಾಗ ನಡೆದ ವಾದಗಳಲ್ಲಿ ಮೇವು, ಜೀವನೋಪಾಯ, ಹುಲ್ಲುಗಾವಲಿನ ಪಕ್ಷಿಗಳ ಮಾತು ಬಂದಿತು, ಬರಬೇಕಾದದ್ದೇ. ಎತ್ತುಗಳನ್ನು ದೇವರೆಂದು ಸಾಕಿ, ಅವುಗಳ ಪಾಲನೆಗೆ ಕಿಲಾರಿ ಎಂಬ ಗಾಹಿಯನ್ನು ನೇಮಿಸುವ ಮ್ಯಾಸಬೇಡರಿಗೆ ಬಯಲು ಆರಾಧನೆಯ ಸ್ಥಳವೂ ಆಗಿದೆ ಎಂಬ ಮಾತಿಗೆ ಅಲ್ಲಿ ಸಿಗಬೇಕಾದ ತೂಕ ಸಿಗಲಿಲ್ಲ. ಗೋಪುರವಿಲ್ಲದ, ಪಹಣಿಯಲ್ಲಿ ದೇವಸ್ಥಾನವೆಂದು ದಾಖಲಾಗದ ಸನ್ನಿಧಿಯನ್ನು ಗುರುತಿಸುವ ಕ್ರಮ ಆಡಳಿತಕ್ಕೂ ಗೊತ್ತಿಲ್ಲ, ಧರ್ಮದ ಬಗ್ಗೆ ಬರೆಯುವವರಿಗೂ ಸಾಕಷ್ಟು ಗೊತ್ತಿಲ್ಲ. ಇದೇ ಕಾರಣದಿಂದ ಜಾತ್ರೆಯ ಬಯಲಿನಲ್ಲಿ ನೀರಿನ ಟ್ಯಾಂಕರು, ಹೆಂಗಸರ ಶೌಚಾಲಯ, ರಾತ್ರಿಯ ದೀಪ, ಬಾಣಂತಿಯರು ಕೂರಲು ನೆರಳು, ದನಗಳಿಗೆ ತೊಟ್ಟಿ ಇವೆಲ್ಲ ಪೂಜೆಗೆ ಹೊರತಾದ ಸೌಕರ್ಯಗಳೆಂದು ಎಣಿಕೆಯಾಗಿ, ರಥದ ಅಲಂಕಾರಕ್ಕೂ ಗುಡಿಯ ಬಣ್ಣಕ್ಕೂ ದೊರೆತ ಹಣದಲ್ಲಿ ಮಿಕ್ಕಷ್ಟನ್ನು ಪಡೆಯುತ್ತವೆ. ಉಳಿಯುವುದೇ ಪೂಜೆಯಾಗಿರುವ ಜಾತ್ರೆಯಲ್ಲಿ ಆ ಹಣದ ಮೊದಲ ಪಾಲು ಸಲ್ಲಬೇಕಾದದ್ದು ಈ ತೊಟ್ಟಿಗೆ, ಈ ನೆರಳಿಗೆ, ಈ ಶೌಚಾಲಯದ ಬಾಗಿಲಿಗೆ.